ಭಾನುವಾರದ ಪಾತ್ರೆ

ಎಲ್ಲ ರಗಳೆಗೂ ಕಾರಣ ಒಂದು ‘ಆದರೆ’.

ಭಾನುವಾರ ಬೆಳಗ್ಗೆ ಹೆಂಡತಿ ಕಾಫಿ ಲೋಟ ಕೈಗಿಡುತ್ತಾ, “ಮಧ್ಯಾಹ್ನ ನಿಮ್ಮ ಚಿಕ್ಕಮ್ಮ ಊಟಕ್ಕೆ ಬರ್ತಿದ್ದಾರೆ. ರಾತ್ರಿಯೇ ಕಾಳು ನೆನೆಹಾಕಿದ್ದೀನಿ. ಭಾನುವಾರದ ಪಾತ್ರೆ ಮಾಡಿಬಿಡ್ತೀನಿ” ಎಂದಳು. “ಮಾಡು, ಚೆನ್ನಾಗೇ ಮಾಡ್ತೀಯ” ಎಂದು ರುಚಿರಾಯರು ಅಲ್ಲಿಗೇ ಬಾಯಿ ಮುಚ್ಚಿದ್ದರೆ ದಿನ ಸುಖವಾಗಿ ಕಳೆಯುತ್ತಿತ್ತು. ಅವರು ಒಂದು ಗುಟುಕು ಕುಡಿದು, ಕಣ್ಣು ಅರೆಮುಚ್ಚಿ, “ಆದರೆ ನಮ್ಮಮ್ಮ ಮಾಡ್ತಿದ್ದ ಹಾಗೆ ಬರಲ್ಲ ಬಿಡು” ಎಂದರು.

ರುಚಿರಾಯರು ಎಂಬುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ. ಅವರು ಕನ್ನಡಕದ ಅಂಗಡಿಯೊಂದರಲ್ಲಿ ಚೌಕಟ್ಟಿಗೆ ಗಾಜು ಕೂರಿಸುವ ಕೆಲಸದವರು. ಮಧ್ಯಾಹ್ನ ಜೊತೆಗಾರರು ಊಟದ ಡಬ್ಬಿ ಬಿಚ್ಚಿದರೆ ಸಾಕು, ಇವರ ಮೂಗು ಅತ್ತ ತಿರುಗುತ್ತಿತ್ತು. “ಇದಕ್ಕೆ ನಮ್ಮಮ್ಮ ಏನು ಮಾಡ್ತಿದ್ರು ಗೊತ್ತಾ…” ಎಂದು ಶುರುವಾದರೆ ಡಬ್ಬಿಯ ಯಜಮಾನನಿಗೆ ಊಟ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಅಂಗಡಿಯವರು ಬೇಸತ್ತು ಕಟ್ಟಿದ ಆ ಹೆಸರು ಹೇಗೋ ಮನೆಯ ಮೆಟ್ಟಿಲವರೆಗೂ ಬಂದು, ನೆರೆಹೊರೆಯವರ ಬಾಯಲ್ಲೂ ನೆಲೆಯಾಗಿತ್ತು.

ಭಾನುವಾರದ ಪಾತ್ರೆ ಎಂದರೆ ಅಂಥ ಮಹಾ ಅಡುಗೆಯೇನೂ ಅಲ್ಲ. ದಪ್ಪ ತಳದ ಪಾತ್ರೆಯಲ್ಲಿ ಕೆಳಗೆ ಹೆಚ್ಚಿದ ಈರುಳ್ಳಿ, ಅದರ ಮೇಲೆ ಆಲೂಗಡ್ಡೆ, ಅದರ ಮೇಲೆ ನೆನೆದ ಕಾಳು, ಕ್ಯಾರೆಟ್ಟು, ಒಂದು ಹಿಡಿ ಅಕ್ಕಿ, ಕುಟ್ಟಿದ ಮೆಣಸು, ಉಪ್ಪು, ನೀರು. ಮುಚ್ಚಿ ಬೇಯಿಸುವುದು, ಬಿಸಿಬಿಸಿ ತಿನ್ನುವುದು. ಉಳಿದದ್ದನ್ನು ಸಂಜೆ ಆಟ ಮುಗಿಸಿ ಬಂದು, ನಿಂತಲ್ಲೇ, ಚಮಚದಿಂದ ತಳ ಕೆರೆದು ತಿನ್ನುವುದು. ರುಚಿರಾಯರ ಇಡೀ ಬಾಲ್ಯ ಆ ತಳದಲ್ಲಿ ಅಂಟಿಕೊಂಡಿತ್ತು.

ಹೆಂಡತಿ ಆ ದಿನ ಜಗಳವಾಡಲಿಲ್ಲ. ಜಗಳವಾಡಿದ್ದರೆ ರುಚಿರಾಯರಿಗೆ ಅಭ್ಯಾಸವಿತ್ತು. ಅವಳು ಸುಮ್ಮನೆ ತನ್ನ ಅಡುಗೆಯ ಏಪ್ರನ್ ಬಿಚ್ಚಿ ಗಂಡನ ಕೊರಳಿಗೆ ಹಾಕಿ, ಬೆನ್ನ ಹಿಂದೆ ಗಂಟು ಬಿಗಿದಳು.

“ಏನೇ ಇದು?”

“ಇವತ್ತು ನೀವೇ ಮಾಡಿ. ನಿಮ್ಮಮ್ಮನ ಕೈಯಡುಗೆ ತಿಂದವರು ಇನ್ನು ಉಳಿದಿರೋದು ಚಿಕ್ಕಮ್ಮ ಒಬ್ಬರೇ. ಅವರು ತಿಂದು ‘ಇದೇ ಆ ರುಚಿ’ ಅಂದ್ರೆ, ಪ್ರತಿ ಭಾನುವಾರ ನಿಮ್ಮಮ್ಮ ಮಾಡ್ತಿದ್ದ ಹಾಗೇ ನಾನೂ ಮಾಡ್ತೀನಿ. ಕಲಿಸಿಕೊಡಿ, ಕಲೀತೀನಿ. ಅಲ್ಲ ಅಂದ್ರೆ…”

“ಅಲ್ಲ ಅಂದ್ರೆ?”

“ಇನ್ನು ಮೇಲೆ ಊಟದ ಹೊತ್ತಲ್ಲಿ ‘ನಮ್ಮಮ್ಮ’ ಅನ್ನೋ ಮಾತು ಈ ಮನೇಲಿ ಕೇಳಿಸಬಾರದು. ಅಂಗಡೀಲೂ ಕೂಡದು.”

ರುಚಿರಾಯರು ಗೋಡೆಯ ಕಡೆ ನೋಡಿದರು. ಅಮ್ಮ ತೀರಿಕೊಂಡು ಬಹಳ ವರ್ಷಗಳಾಗಿದ್ದವು. ಹುಟ್ಟಿದ ಮನೆ ಕೈಬಿಟ್ಟು ಹೋಗಿತ್ತು, ಅಮ್ಮನ ಹೊಲಿಗೆ ಯಂತ್ರ ಯಾರದೋ ಪಾಲಾಗಿತ್ತು, ಗೋಡೆಯ ಮೇಲಿನ ಫೋಟೋದಲ್ಲಿ ಅಮ್ಮನ ಮುಖ ಮಸುಕಾಗುತ್ತಿತ್ತು. ಊಟದ ಹೊತ್ತಿನ ಆ ಒಂದು ಮಾತಿನಲ್ಲಿ ಮಾತ್ರ ಅಮ್ಮ ಇನ್ನೂ ಮನೆ ತುಂಬ ಓಡಾಡಿಕೊಂಡಿದ್ದಳು. ಅದೂ ಹೋದರೆ ಉಳಿಯುವುದೇನು? ಆದರೂ ಗಂಡಸು, ಏಪ್ರನ್ ಬೇರೆ ಕಟ್ಟಿಸಿಕೊಂಡಾಗಿತ್ತು.

“ಆಗಲಿ, ಅದರಲ್ಲೇನಿದೆ?” ಎಂದುಬಿಟ್ಟರು.

ಮಗಳು ಆಗಲೇ ಈಜು ತರಬೇತಿಗೆ ಹೋಗಿದ್ದಳು. ಹೆಂಡತಿ ಚೀಲ ಹೆಗಲಿಗೆ ಹಾಕಿಕೊಂಡು, ಬೀಗದ ಕೈ ಗೊಂಚಲು ತೆಗೆದುಕೊಂಡು, ಚಿಕ್ಕಮ್ಮನನ್ನು ಕರೆತರಲು ರೈಲು ನಿಲ್ದಾಣಕ್ಕೆ ಹೊರಟಳು.

ಮೊದಲು ಪಾತ್ರೆಯೇ ಇರಲಿಲ್ಲ. ಅಮ್ಮನ ಕಾಲದ ಆ ದಪ್ಪ ಪಾತ್ರೆಯನ್ನು “ಎತ್ತಿದರೆ ನನ್ನ ಸೊಂಟ ಹಿಡಿದುಕೊಳ್ಳುತ್ತೆ” ಎಂದು ಹೆಂಡತಿ ಎಂದೋ ಕೆಳಮನೆಯ ಬಡಗಿಗೆ ದಾನ ಮಾಡಿದ್ದಳು. ರುಚಿರಾಯರು ಇಳಿದು ಹೋಗಿ ನೋಡಿದರೆ ಅದರ ತುಂಬ ಮೊಳೆಗಳಿದ್ದವು.

“ಕೊಡ್ತೀನಿ ರಾಯರೇ, ಆದ್ರೆ ನನ್ನ ಮೊಳೆ ಎಲ್ಲಿಡ್ಲಿ?” ಎಂದ ಬಡಗಿ, ಕೊನೆಗೆ ತನ್ನ ಟೋಪಿಯಲ್ಲಿ ಸುರಿದುಕೊಂಡ. ರುಚಿರಾಯರು ಪಾತ್ರೆಯನ್ನು ಮಗುವಿನಂತೆ ತಬ್ಬಿ ಮೇಲೆ ತಂದು, ಬೂದಿ ಹಾಕಿ, ಹುಣಸೆಹುಳಿ ಹಾಕಿ, ಸೋಪು ಹಾಕಿ, ಕೈ ಬೀಳುವ ಹಾಗೆ ಉಜ್ಜಿದರು. ಉಜ್ಜುವಾಗ ಅದರ ಅಂಚಿನ ಹಳೆಯ ತಗ್ಗು ಬೆರಳಿಗೆ ಸಿಕ್ಕಿತು. ಅದು ತಾವೇ ಚಿಕ್ಕಂದಿನಲ್ಲಿ ಬೀಳಿಸಿ ಮಾಡಿದ್ದು. ಅವರಿಗೆ ಕಣ್ಣು ತೇವವಾಯಿತು. ಆಮೇಲೆ ಈರುಳ್ಳಿ ಹೆಚ್ಚಲು ಕೂತದ್ದರಿಂದ ಯಾವ ಕಣ್ಣೀರು ಯಾವುದರದ್ದು ಎಂದು ಲೆಕ್ಕ ಸಿಗಲಿಲ್ಲ.

ಎಲ್ಲವನ್ನೂ ಪದರ ಪದರವಾಗಿ ಹಾಕಿ ಒಲೆ ಹಚ್ಚಿದ ಮೇಲೆ ಇನ್ನೊಂದು ನೆನಪಾಯಿತು. ಅಮ್ಮನ ಪಾತ್ರೆಯ ಮುಚ್ಚಳದ ಮೇಲೆ ಯಾವಾಗಲೂ ಹೊಲಿಗೆ ಕೆಲಸದ ಹಳೆಯ ಇಸ್ತ್ರಿ ಪೆಟ್ಟಿಗೆ ಕೂತಿರುತ್ತಿತ್ತು. ಆ ಭಾರವಿಲ್ಲದೆ ರುಚಿ ಬರುತ್ತದೆಯೇ? ಈಗಿನ ಇಸ್ತ್ರಿ ಪೆಟ್ಟಿಗೆಯೋ ಊದಿದರೆ ಹಾರುವಂಥದ್ದು. ಅವರು ಎದುರುಮನೆಯ ಬಾಗಿಲು ತಟ್ಟಿದರು.

ಎದುರುಮನೆಯಲ್ಲಿದ್ದವರು ನಿವೃತ್ತ ಡ್ರಿಲ್ ಮೇಷ್ಟ್ರು. ನಿವೃತ್ತಿಯಾದರೂ ಕೊರಳಿನ ಸೀಟಿ ನಿವೃತ್ತಿಯಾಗಿರಲಿಲ್ಲ.

“ಭಾರ ಬೇಕಾ? ಎಷ್ಟು ಭಾರ?” ಎಂದು ಕೇಳಿದವರೇ ಮಂಚದ ಕೆಳಗಿಂದ ಎರಡು ಕಬ್ಬಿಣದ ಗುಂಡು ಉರುಳಿಸಿಕೊಂಡು ಬಂದರು. “ಗುಂಡೆಸೆತದ್ದು. ಚಿಕ್ಕದು ಹೆಂಗಸರದ್ದು, ದೊಡ್ಡದು ಗಂಡಸರದ್ದು. ಎರಡೂ ಇಟ್ಕೊಳ್ಳಿ. ಯಾವ ಅಡುಗೆಗೆ ಯಾವುದು ಒಗ್ಗುತ್ತೋ ಯಾರಿಗ್ಗೊತ್ತು?”

ರುಚಿರಾಯರು ಟವೆಲ್ಲನ್ನು ಸಿಂಬಿ ಸುತ್ತಿ ಮುಚ್ಚಳದ ಮೇಲಿಟ್ಟು, ಚಿಕ್ಕ ಗುಂಡನ್ನು ಅದರಲ್ಲಿ ಕೂರಿಸಿದರು. ದೊಡ್ಡದನ್ನು ನೆಲದ ಮೇಲೆ ಬಿಟ್ಟರು. ಉರಿ ಸಣ್ಣಗೆ ಮಾಡಿದರು. ಇನ್ನು ಆಗಾಗ ಮುಚ್ಚಳ ತೆಗೆದು ಸೌಟಿನಿಂದ ಕೆದಕಬೇಕು, ರುಚಿ ನೋಡಬೇಕು, ಉಪ್ಪು ಸರಿಮಾಡಬೇಕು ಎಂದು ಸೌಟು ಹಿಡಿದು ಕಾವಲು ನಿಂತರು.

ಅಷ್ಟರಲ್ಲಿ ಬಾಗಿಲ ಗಂಟೆ ಸದ್ದಾಯಿತು. ತೆರೆದರೆ ಟೋಪಿಯಲ್ಲಿ ಮೊಳೆ ಹೊತ್ತ ಬಡಗಿ.

“ರಾಯರೇ, ಒಂದು ಹಳೇ ಡಬ್ಬಿ ಇದ್ರೆ…”

ಅವನ ಮಾತು ಮುಗಿಯಲಿಲ್ಲ. ಆ ಮನೆಯ ನೆಲ ಬಾಗಿಲ ಕಡೆಗೆ ಸ್ವಲ್ಪ ಇಳಿಜಾರು. ಬಾಗಿಲು ತೆರೆಯಲು ಬರುವಾಗ ರಾಯರ ಕಾಲು ತಗುಲಿದ್ದ ದೊಡ್ಡ ಗುಂಡು ಅಡುಗೆಮನೆಯಿಂದ ಗಂಭೀರವಾಗಿ ಉರುಳುತ್ತಾ ಬಂದು, ಹಜಾರ ದಾಟಿ, ರುಚಿರಾಯರ ಕಾಲಿನ ಪಕ್ಕದಲ್ಲಿ ಹಾದು, ಬಡಗಿಯ ಎರಡು ಕಾಲುಗಳ ನಡುವೆ ನುಸುಳಿ, ಮೆಟ್ಟಿಲಿನ ಮೇಲೆ ಧಡ್ ಎಂದು ಬಿತ್ತು. ಬಡಗಿ ಹಾರಿದ. ಮೊಳೆಗಳೂ ಹಾರಿದವು. ಗುಂಡು ಧಡ್, ಧಡ್, ಧಡ್ ಎಂದು ಒಂದೊಂದೇ ಮೆಟ್ಟಿಲು ಇಳಿಯತೊಡಗಿತು.

“ಹಿಡೀರಿ! ಕೆಳಗೆ ಯಾರಾದ್ರೂ ಇದ್ರೆ ಸತ್ತೇಹೋಗ್ತಾರೆ!” ಎನ್ನುತ್ತಾ ರುಚಿರಾಯರು ಸೌಟು ಎತ್ತಿಕೊಂಡೇ ಅದರ ಬೆನ್ನು ಹತ್ತಿದರು. ಡ್ರಿಲ್ ಮೇಷ್ಟ್ರು ಹೊರಗೆ ಬಂದು ಸೀಟಿ ಊದಿದರು. ಗುಂಡು ಸೀಟಿಗೆ ಬಗ್ಗುವ ಪೈಕಿ ಅಲ್ಲ. ಅದು ಕೊನೆಗೆ ಬಡಗಿಯದೇ ಮರದ ಪುಡಿ ಮೂಟೆಯಲ್ಲಿ ಹೊಕ್ಕು ಮಲಗಿತು.

ರುಚಿರಾಯರು ಏದುಸಿರು ಬಿಡುತ್ತಾ ಮೇಲೆ ಹತ್ತಿ ಬಂದರು. ಬಾಗಿಲು ಗಾಳಿಗೆ ಹಾಕಿಕೊಂಡಿತ್ತು. ತಾನಾಗಿ ಬೀಗ ಬೀಳುವ ಬಾಗಿಲು. ಕೀಲಿ ಹೆಂಡತಿಯ ಚೀಲದಲ್ಲಿ, ಫೋನು ಒಲೆಯ ಪಕ್ಕದಲ್ಲಿ, ಒಲೆಯ ಮೇಲೆ ಭಾನುವಾರ.

“ನನ್ನ ಫೋನಿಂದ ಮನೆಯವರಿಗೆ ಮಾಡಿ” ಎಂದರು ಮೇಷ್ಟ್ರು.

ರುಚಿರಾಯರು ಫೋನು ಕೈಗೆ ತೆಗೆದುಕೊಂಡರು. ಅಮ್ಮ ಯಾವ ಅಡುಗೆಗೆ ಎಷ್ಟು ಮೆಣಸು ಹಾಕುತ್ತಿದ್ದಳೆಂದು ನಿದ್ದೆಯಲ್ಲೂ ಹೇಳಬಲ್ಲವರಿಗೆ ಹೆಂಡತಿಯ ನಂಬರು ಬಾಯಿಗೆ ಬರಲಿಲ್ಲ.

“ಹಾಗಾದ್ರೆ ಒಡೆದುಬಿಡಪ್ಪ” ಎಂದು ಮೇಷ್ಟ್ರು ಬಡಗಿಗೆ ಅಪ್ಪಣೆ ಮಾಡಿದರು.

“ಒಡೆಯೋದಾ?” ಬಡಗಿ ಬಾಗಿಲಿಗೆ ಅಡ್ಡ ನಿಂತ. “ಇದು ನಾನು ಕೈಯಾರೆ ಮಾಡಿದ ಬಾಗಿಲು ಸ್ವಾಮಿ. ಕಳ್ಳ ಬಂದ್ರೂ ನಾಚಿಕೊಂಡು ವಾಪಸ್ ಹೋಗಬೇಕು, ಹಂಗೆ ಮಾಡಿದೀನಿ. ಅಡುಗೆ ತಳ ಹಿಡಿಯುತ್ತೆ ಅಂತ ಹೆತ್ತ ಮಗು ಮೇಲೆ ಉಳಿ ಇಡೋಕಾಗುತ್ತಾ?”

“ಒಳಗೆ ಒಲೆ ಉರೀತಿದೆ ಕಣಯ್ಯಾ!”

“ಸಣ್ಣ ಉರಿ ಅಲ್ವಾ? ಹೊಗೆ ಬರ್ಲಿ, ಆಗ ನೋಡೋಣ.”

ಮೂವರೂ ಮೆಟ್ಟಿಲ ಮೇಲೆ ಕೂತು ಬಾಗಿಲ ಸಂದಿಯಲ್ಲಿ ಮೂಗಿಟ್ಟು ಕಾದರು. ಏಪ್ರನ್ ತೊಟ್ಟ ರುಚಿರಾಯರು ಸೌಟನ್ನು ಮಡಿಲಲ್ಲಿಟ್ಟುಕೊಂಡು ಆಟದಲ್ಲಿ ಸೋತ ರಾಜನ ಹಾಗೆ ಮಧ್ಯದಲ್ಲಿ ಕೂತಿದ್ದರು. ಎಲ್ಲ ಮುಗಿಯಿತು, ಇನ್ನು ಬಾಳಿಡೀ ಅಮ್ಮನ ಮಾತೆತ್ತುವಂತಿಲ್ಲ ಎಂದುಕೊಂಡರು. ಕೆದಕುವವರಿಲ್ಲದೆ ಅದು ಖಂಡಿತ ಸೀದು ಕರಕಲಾಗುತ್ತದೆ.

ಹೊಗೆ ಬರಲಿಲ್ಲ. ಮೊದಲು ಈರುಳ್ಳಿಯ ಘಾಟು ಬಂತು. ಆಮೇಲೆ ಅದು ಮೆತ್ತಗಾಗಿ ಸಿಹಿ ತಿರುಗಿತು. ಆಮೇಲೆ ಮೆಣಸು, ಬೇಯುವ ಕಾಳು, ಬೆಂದ ಆಲೂಗಡ್ಡೆಯ ಮಣ್ಣು ಮಣ್ಣಾದ ಕಂಪು. ಮೇಷ್ಟ್ರ ಹೊಟ್ಟೆ ಗೊರ್ ಎಂದಿತು. ಬಡಗಿ ಎಂಜಲು ನುಂಗಿದ. ರುಚಿರಾಯರು ಮಾತ್ರ ಅಲ್ಲಿರಲಿಲ್ಲ.

ಅವರು ಬೇರೊಂದು ಮನೆಯ ಮೆಟ್ಟಿಲ ಮೇಲೆ, ಚಡ್ಡಿ ಹಾಕಿಕೊಂಡು ಕೂತಿದ್ದರು. ಭಾನುವಾರ ಹೀಗೆಯೇ ಕಾಯಬೇಕಿತ್ತು. ಒಳಗೆ ಅಮ್ಮನ ಹೊಲಿಗೆ ಯಂತ್ರದ ಕಟಕಟ. ಒಲೆಯ ಮೇಲೆ ಇಸ್ತ್ರಿ ಪೆಟ್ಟಿಗೆ ಹೊತ್ತ ಪಾತ್ರೆ. ಅಪ್ಪ ಬರುವವರೆಗೆ ಮುಚ್ಚಳ ಮುಟ್ಟುವ ಹಾಗಿರಲಿಲ್ಲ. ಅಪ್ಪ ಬಸ್ಸಿನಲ್ಲಿ ಟಿಕೆಟ್ ತಪಾಸಣೆ ಮಾಡುವವರು, ಕೊರಳಿಗಿಂತ ದಪ್ಪ ಮೀಸೆ. ಟಿಕೆಟ್ಟಿಲ್ಲದವರು ಅವರನ್ನು ಕಂಡರೆ ಚಲಿಸುವ ಬಸ್ಸಿಂದ ಇಳಿಯುತ್ತಿದ್ದರಂತೆ. ಬೆಳಕು ಹರಿಯುವ ಮೊದಲೇ ಎದ್ದು ಮೊದಲ ಬಸ್ಸಿಗೆ ಹೋಗುತ್ತಿದ್ದವರು ಮಧ್ಯಾಹ್ನಕ್ಕೆ ಬಂದು ತಾವೇ ಆ ಇಸ್ತ್ರಿ ಪೆಟ್ಟಿಗೆ ಎತ್ತಿ, ಮುಚ್ಚಳ ತೆಗೆಯುತ್ತಿದ್ದರು. “ಭಾರ ಎತ್ತೋ ಕೆಲಸ ಗಂಡಸರದು” ಎನ್ನುತ್ತಿದ್ದಳು ಅಮ್ಮ. ಅಪ್ಪ ತಲೆ ಸವರಿದರೆ ಕೈಯಲ್ಲಿ ಈರುಳ್ಳಿ ವಾಸನೆ. ಬಸ್ಸಿನಲ್ಲಿ ತರಕಾರಿ ಮೂಟೆಗಳನ್ನೂ ತಪಾಸಣೆ ಮಾಡುತ್ತಾರೆ ಪಾಪ ಎಂದು ಹುಡುಗ ಅಂದುಕೊಳ್ಳುತ್ತಿದ್ದ. ಮೊದಲ ತುತ್ತು ಬಾಯಿಗಿಟ್ಟಾಗ ಅಪ್ಪ ಗಡಸು ದನಿಯಲ್ಲಿ ಒಂದೇ ಮಾತು ಕೇಳುತ್ತಿದ್ದರು.

“ಉಪ್ಪು ಸರಿಯಾಗಿದೆಯಾ?”

“ಅಮ್ಮ ಮಾಡಿದ ಮೇಲೆ ಕೇಳಬೇಕಾ ಅಪ್ಪಾ?” ಎನ್ನುತ್ತಿದ್ದ ಹುಡುಗ. ಅಪ್ಪ ಮೀಸೆ ತಿರುವಿಕೊಂಡು ಸುಮ್ಮನಾಗುತ್ತಿದ್ದರು.

“ರಾಯರೇ, ಮಧ್ಯಾಹ್ನ ಆಯ್ತು. ಇನ್ನು ತಡೆಯೋಕಾಗಲ್ಲ” ಎಂದು ಬಡಗಿ ಎದ್ದು ನಿಂತ. ಅವನ ಮನಸ್ಸು ಕರಗಿಸಿದ್ದು ಸೀದುಹೋಗುವ ಭಯವಲ್ಲ, ಹಸಿವು. ಹೆತ್ತ ಮಗುವಿನ ಕ್ಷಮೆ ಕೇಳಿ ಬೀಗದ ಸುತ್ತ ಉಳಿ ಹೊಡೆದು, ತಿರುಪು ಬಿಚ್ಚಿ, ಕೊನೆಗೆ ಬಾಗಿಲನ್ನೇ ಚೌಕಟ್ಟಿನಿಂದ ಕಳಚಿ ಗೋಡೆಗೆ ಒರಗಿಸಿ ಬೆವರು ಒರೆಸಿಕೊಂಡ. ಆಗ ಸರಿಯಾಗಿ ಮೆಟ್ಟಿಲಿನಿಂದ ಬೀಗದ ಕೈ ಗೊಂಚಲಿನ ಸದ್ದು ಕೇಳಿತು.

“ರೈಲು ತಡ ಆಯ್ತು ಕಣ್ರೀ…” ಎನ್ನುತ್ತಾ ಬಂದ ಹೆಂಡತಿ, ಕೈಯಲ್ಲಿ ಕೀಲಿ ಹಿಡಿದು, ಬಾಗಿಲಿಲ್ಲದ ಚೌಕಟ್ಟನ್ನು ನೋಡಿದಳು. ಚೌಕಟ್ಟಿನಲ್ಲಿ ಸೌಟು ಹಿಡಿದು ನಿಂತ ಗಂಡನನ್ನು ನೋಡಿದಳು. ಬಡಗಿ ಯಾರ ಕಣ್ಣಿಗೂ ಬೀಳದ ಹಾಗೆ ಉಳಿಯನ್ನು ಬೆನ್ನ ಹಿಂದೆ ಮಾಡಿದ. ಮೇಷ್ಟ್ರು ಸೀಟಿ ಬಾಯಿಗಿಟ್ಟುಕೊಂಡರು, ಊದಲಿಲ್ಲ.

“ಹಸಿವು ಕಣಮ್ಮ, ಆಮೇಲೆ ಬೈದುಕೋ” ಎಂದು ಹಿಂದಿನಿಂದ ಬಂದ ಚಿಕ್ಕಮ್ಮ ಎಲ್ಲರನ್ನೂ ಪಾರು ಮಾಡಿದರು. ಅಮ್ಮನ ತಂಗಿಯಾದ ಅವರಿಗೆ ಹಲ್ಲು ಉಳಿದಿದ್ದಕ್ಕಿಂತ ಹೋದದ್ದೇ ಹೆಚ್ಚು. ನಾಲಿಗೆ ಮಾತ್ರ ಎರಡು ಕೆಲಸಕ್ಕೂ ಚುರುಕಾಗಿತ್ತು.

ಎಲ್ಲರೂ ಮೇಜಿನ ಸುತ್ತ ಕೂತರು. ಬಡಗಿಯೂ ಮೇಷ್ಟ್ರೂ ಯಾರೂ ಕರೆಯದೆಯೇ ಸಾಕ್ಷಿಗಳಾಗಿ ಕೂತರು. ರುಚಿರಾಯರು ಗುಂಡು ಎತ್ತಿ ಕೆಳಗಿಟ್ಟು, ಮುಚ್ಚಳ ತೆಗೆದರು. ಕಪ್ಪಾಗಿರಲಿಲ್ಲ. ಪದರಗಳು ಒಂದಕ್ಕೊಂದು ಇಳಿದು, ತಳದ ಈರುಳ್ಳಿ ಕರಗಿ ಕಂದು ಬಣ್ಣದ ಜೇನಾಗಿತ್ತು. ಅವರು ಚಿಕ್ಕಮ್ಮನ ತಟ್ಟೆಗೆ ಬಡಿಸಿ ಪಕ್ಕದಲ್ಲೇ ನಿಂತರು.

ಚಿಕ್ಕಮ್ಮ ಒಂದು ತುತ್ತು ತಿಂದರು. ಕಣ್ಣು ಮುಚ್ಚಿದರು. ಇನ್ನೊಂದು ತುತ್ತು ತಿಂದರು. ಮುಚ್ಚಿದ ಕಣ್ಣಿನಿಂದಲೇ ನೀರು ಇಳಿಯಿತು.

“ಇದೇ ಕಣೋ ಪುಟ್ಟಾ” ಎಂದರು. “ಅದೇ ರುಚಿ! ಎಷ್ಟು ವರ್ಷ ಆಯ್ತೋ ಇದನ್ನ ತಿಂದು!”

ಬಡಗಿ ಮೇಜು ಗುದ್ದಿದ. ಮೇಷ್ಟ್ರು ಸೀಟಿ ಊದಿದರು. ರುಚಿರಾಯರು ಸೌಟನ್ನು ಎದೆಗೊತ್ತಿಕೊಂಡು ಹೆಂಡತಿಯ ಕಡೆ ತಿರುಗಿದರು. “ಕೇಳಿದೆಯಾ? ನಮ್ಮಮ್ಮನ ಕೈರುಚಿ! ಇನ್ನು ಪ್ರತಿ ಭಾನುವಾರ…”

“ಯಾರ ಕೈರುಚಿ?” ಎಂದರು ಚಿಕ್ಕಮ್ಮ ಕಣ್ಣು ತೆರೆದು.

“ಅಮ್ಮಂದು.”

“ನಿಮ್ಮಮ್ಮಂದಾ?” ಚಿಕ್ಕಮ್ಮನಿಗೆ ಅಳುವಿನ ಮಧ್ಯದಲ್ಲೇ ನಗು ಬಂದು ಕೆಮ್ಮು ಹತ್ತಿತು. “ನಮ್ಮಕ್ಕ ಹೊಲಿಗೆ ಮೆಷಿನ್ ಮುಂದೆ ಕೂತ್ರೆ ಮನೆ ಹೊತ್ತಿ ಉರಿದ್ರೂ ತಲೆ ಎತ್ತುತಿರಲಿಲ್ಲ. ನೀರು ಕಾಯಿಸಿದ್ರೂ ಸೀಯಿಸೋಳು. ಇದು ಭಾವಂದು ಕಣೋ! ನಿಮ್ಮಪ್ಪನ ಕೈ!”

ರುಚಿರಾಯರು ಕೈಯ ಸೌಟನ್ನೊಮ್ಮೆ, ಚಿಕ್ಕಮ್ಮನನ್ನೊಮ್ಮೆ ನೋಡಿದರು.

“ಅಪ್ಪ… ಬೆಳಗ್ಗೆಯೇ ಬಸ್ಸಿಗೆ ಹೋಗ್ತಿದ್ರಲ್ಲ?”

“ಅದಕ್ಕೇ ಈ ಅಡುಗೆ! ಕತ್ತಲಲ್ಲೇ ಎದ್ದು ಈರುಳ್ಳಿ ಹೆಚ್ಚಿ, ಎಲ್ಲ ಜೋಡಿಸಿ, ಕೆಂಡದ ಮೇಲಿಟ್ಟು, ಇಸ್ತ್ರಿ ಪೆಟ್ಟಿಗೆ ಹೇರಿ ಹೋಗೋರು. ಮುಚ್ಚಳ ಮುಟ್ಟಬೇಡ ಅಂತ ನಮ್ಮಕ್ಕನಿಗೇ ತಾಕೀತು. ಕೆದಕಿದ್ರೆ ಕೆಡುತ್ತೆ ಕಣೋ ಇದು. ಮಾಡೋನು ಒಲೆ ಹತ್ತಿರ ಇರಲೇಬಾರದು.” ಚಿಕ್ಕಮ್ಮ ಸೆರಗಿನಿಂದ ಮುಖ ಒರೆಸಿಕೊಂಡರು. “ಯಾರಿಗೂ ಹೇಳಕೂಡದು ಅಂತ ನನ್ನ ಹತ್ರ ಆಣೆ ಹಾಕಿಸಿದ್ರು. ‘ಡಿಪೋದಲ್ಲಿ ಗೊತ್ತಾದ್ರೆ ನನ್ನ ಮೀಸೆಗೆ ಯಾವನೂ ಹೆದರಲ್ಲ’ ಅಂತ.”

“ಆದರೆ ಅಮ್ಮ ದಿನಾ ಮಾಡ್ತಿದ್ದ ಅಡುಗೆ…”

“ಮಿಕ್ಕ ದಿನ ಏನು ತಿಂತಿದ್ದೆ, ನೆನಪಿದೆಯಾ?”

ರುಚಿರಾಯರು ನೆನಪು ಮಾಡಿಕೊಂಡರು. ಸೋಮವಾರ? ಮಂಗಳವಾರ? ಏನೂ ಹೊಳೆಯಲಿಲ್ಲ.

“ನೆನಪಿಲ್ಲ ಅಲ್ವಾ? ಅದೇ ನಿಮ್ಮಮ್ಮನ ಅಡುಗೆ.”

ಬಡಗಿ ನಗು ತಡೆಯಲು ಆಲೂಗಡ್ಡೆ ಬಾಯಿಗೆ ತುರುಕಿಕೊಂಡ. ರುಚಿರಾಯರಿಗೆ ನಗು ಬರಲಿಲ್ಲ. ಮೀಸೆ ತಿರುವಿಕೊಂಡು ಸುಮ್ಮನಾಗುತ್ತಿದ್ದ ಆ ಮುಖ ಕಣ್ಣಿಗೆ ಕಟ್ಟಿತು. ಎಷ್ಟು ಭಾನುವಾರ ಕೇಳಿದ್ದರು ಅಪ್ಪ! ಎಷ್ಟು ಭಾನುವಾರ ತಾವು ಅದೇ ಉತ್ತರ ಕೊಟ್ಟಿದ್ದರು! ಒಂದೇ ಒಂದು ಸಲ ‘ಚೆನ್ನಾಗಿದೆ ಅಪ್ಪಾ’ ಎಂದಿದ್ದರೆ ಏನು ಕಳೆದುಹೋಗುತ್ತಿತ್ತು? ದಿನವೆಲ್ಲ ಜನರ ಕಣ್ಣಿಗೆ ಗಾಜು ಹೊಂದಿಸುವ ತಾವು ಮನೆಯೊಳಗಿನದ್ದನ್ನೇ ನೋಡಿರಲಿಲ್ಲ.

ಹೆಂಡತಿ ಮೆಲ್ಲನೆ ಅವರ ಕೈಯ ಸೌಟು ಬಿಡಿಸಿ ಕೆಳಗಿಟ್ಟಳು.

“ನಾನು ಕೊಟ್ಟ ಮಾತಿಗೆ ತಪ್ಪಲ್ಲ ಕಣ್ರೀ” ಎಂದಳು. “ಪ್ರತಿ ಭಾನುವಾರ ನಿಮ್ಮಮ್ಮ ಮಾಡ್ತಿದ್ದ ಹಾಗೇ ಮಾಡ್ತೀನಿ. ಹಾಯಾಗಿ ಕೂತ್ಕೊಂಡು ನನ್ನ ಕೆಲಸ ನೋಡಿಕೊಳ್ತೀನಿ. ನೀವು ಕತ್ತಲಲ್ಲೇ ಎದ್ದು ಪಾತ್ರೆ ಇಟ್ಟು, ಮಧ್ಯಾಹ್ನದವರೆಗೆ ಹೊರಗಿರಿ.”

“ಹೊರಗೆ ಎಲ್ಲಿರಲಿ?”

“ಬೆಳಗ್ಗೆ ನನ್ನ ಜೊತೆ ಓಡೋಕೆ ಬನ್ನಿ” ಎಂದು ಡ್ರಿಲ್ ಮೇಷ್ಟ್ರು ಉತ್ಸಾಹದಿಂದ ಸೀಟಿ ಮುಟ್ಟಿಕೊಂಡರು. “ಗುಂಡೂ ನನ್ನದೇ ಅಲ್ವಾ!”

ಅಷ್ಟರಲ್ಲಿ ಮಗಳು ಒದ್ದೆ ತಲೆಯಲ್ಲೇ ನುಗ್ಗಿದಳು. ಬಾಗಿಲಿಲ್ಲದ್ದನ್ನು ಗಮನಿಸುವಷ್ಟು ಪುರುಸೊತ್ತೂ ಅವಳಿಗಿರಲಿಲ್ಲ, ಅಷ್ಟು ಹಸಿವು. ಚೀಲ ಎಸೆದು, ತಟ್ಟೆಯನ್ನೂ ಕೇಳದೆ, ಪಾತ್ರೆಯ ಮುಂದೆ ನಿಂತಲ್ಲೇ ಚಮಚದಿಂದ ತಳ ಕೆರೆದು ಬಾಯಿಗಿಟ್ಟುಕೊಂಡಳು. ಅವಳ ಕಣ್ಣು ತಾನಾಗಿ ಅರೆಮುಚ್ಚಿತು.

ರುಚಿರಾಯರು ಏಪ್ರನ್ ಬಿಚ್ಚಿ ಕುರ್ಚಿಯ ಬೆನ್ನಿಗೆ ಹಾಕಿಯಾಗಿತ್ತು. ಅವರು ಮಗಳ ಒದ್ದೆ ತಲೆಯನ್ನು ಸವರಿದರು. ಎಷ್ಟು ತೊಳೆದರೂ ಕೈಯ ಈರುಳ್ಳಿ ವಾಸನೆ ಹೋಗಿರಲಿಲ್ಲ. ಗಂಟಲು ಸರಿಮಾಡಿಕೊಂಡರೂ ದನಿ ಗಡಸಾಗಿಯೇ ಬಂತು.

“ಉಪ್ಪು ಸರಿಯಾಗಿದೆಯಾ?”

ಮಗಳು ತಲೆ ಎತ್ತಲೂ ಇಲ್ಲ.

“ಅಮ್ಮ ಮಾಡಿದ ಮೇಲೆ ಕೇಳಬೇಕಾ ಅಪ್ಪಾ?” ಎಂದಳು.

ಹೆಂಡತಿ ಬಾಯಿ ತೆರೆದಳು. ರುಚಿರಾಯರು ಬೇಡವೆಂದು ಅವಳಿಗೆ ಕಣ್ಣಲ್ಲೇ ಸನ್ನೆ ಮಾಡಿದರು. ಆಮೇಲೆ, ಇಲ್ಲದ ಮೀಸೆಯನ್ನು ಒಮ್ಮೆ ತಿರುವಿಕೊಂಡು ಸುಮ್ಮನಾದರು.